ಹಿಲ್ ಕಂಟ್ರಿಯಲ್ಲಿ ಮೊದಲ ಜಿಂಕೆ: ಗುರಿ ಎಲ್ಲಿಡಬೇಕು?

ಕೆರೆದಂಡೆ
ಜಾಗ ಟೆಕ್ಸಾಸ್ ಹಿಲ್ ಕಂಟ್ರಿ, ನವೆಂಬರ್ ಸೀಸನ್. ಬಾಕ್ಸ್ ಬ್ಲೈಂಡ್‌ನಿಂದ (ಅಡಗಿ ಕೂರುವ ಪೆಟ್ಟಿಗೆಯಂಥ ಗೂಡು) ಫೀಡರ್‌ಗೆ (ಜಿಂಕೆಗೆ ಕಾಳು ಚೆಲ್ಲುವ ಡಬ್ಬ) 90 ಗಜ. ರೈಫಲ್ .243 ವಿಂಚೆಸ್ಟರ್, 100 ಗ್ರೇನ್ (ಗುಂಡಿನ ತೂಕದ ಅಳತೆ) ಸಾಫ್ಟ್ ಪಾಯಿಂಟ್ (ತಾಗಿದಾಗ ಅರಳುವ ಗುಂಡು), 100 ಗಜಕ್ಕೆ ಜೀರೋ (ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವ ಹಾಗೆ ಸ್ಕೋಪ್ ಹೊಂದಿಸಿದೆ). ಹಂಟರ್ ಎಜುಕೇಶನ್ (ಬೇಟೆಗಾರರ ತರಗತಿ) ಚಿತ್ರದಲ್ಲಿ ಬಿಳಿಬಾಲದ ಜಿಂಕೆ ಫೋಟೊಗೆ ನಿಂತ ಹಾಗೆ ಅಡ್ಡಕ್ಕೆ ನಿಂತಿರುತ್ತದೆ, ಎದೆಯ ಮೇಲೆ ದುಂಡಗೆ ಒಂದು ಗುರುತು. ಹೊರಗೆ ಹೋದರೆ ಜಿಂಕೆಯೂ ಹಾಗೆ ನಿಲ್ಲಲ್ಲ, ಗುರುತೂ ಇರಲ್ಲ. ಕೇಳಬೇಕಿರುವುದು ಇಷ್ಟು: ಎಲ್ಲರೂ ಹೇಳುವ "ಭುಜದ ಹಿಂದೆ" ಅಂದರೆ ಎಷ್ಟು ಹಿಂದೆ? ಓರೆಯಾಗಿ ನಿಂತಾಗ ಲೆಕ್ಕ ಹೇಗೆ? ಯಾವ ಸ್ಥಿತಿಯಲ್ಲಿ ಟ್ರಿಗರ್‌ಗೆ ಬೆರಳನ್ನೇ ಇಡಬಾರದು? ಪ್ರಾಣಿ ನರಳಬಾರದು, ಅದೊಂದೇ ಷರತ್ತು.

ಬೋರೆಗುಡ್ಡ
"ಎಷ್ಟು ಹಿಂದೆ" ಅನ್ನುವ ಪ್ರಶ್ನೆಯೇ ಜನರನ್ನು ದಾರಿ ತಪ್ಪಿಸುವುದು. ಹಿಂದಕ್ಕೆ ಹೋಗಲೇಬೇಡಿ. ಜಿಂಕೆ ಪೂರ್ತಿ ಅಡ್ಡಕ್ಕಿದ್ದರೆ ನಿಮ್ಮ ಕಡೆಯ ಮುಂಗಾಲಿನ ಹಿಂದಿನ ಅಂಚು ಹಿಡಿದು ನೆಟ್ಟಗೆ ಮೇಲಕ್ಕೆ ಬನ್ನಿ. ಎದೆಯ ತಳದಿಂದ ಬೆನ್ನಿನವರೆಗಿನ ಎತ್ತರವನ್ನು ಮೂರು ಪಾಲು ಮಾಡಿ, ಕೆಳಗಿನ ಪಾಲು ಮುಗಿಯುವ ಕಡೆ ನಿಲ್ಲಿಸಿ. ಗುಂಡಿಗೆಯ ಮೇಲ್ತುದಿ, ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳಗಳು, ಎರಡೂ ಶ್ವಾಸಕೋಶಗಳ ದಪ್ಪನೆಯ ಭಾಗ ಮೂರೂ ಅಲ್ಲಿ ಒಂದೇ ಸಾಲಿಗೆ ಬರುತ್ತವೆ.

ಆ ಜಾಗವನ್ನೇ ಯಾಕೆ ಹಿಡಿಯಬೇಕು ಅಂದರೆ, ಅದು ತಪ್ಪನ್ನು ಸಹಿಸುತ್ತದೆ. ಎರಡಂಗುಲ ಮೇಲೆ ಹೋದರೆ ಶ್ವಾಸಕೋಶ. ಎರಡಂಗುಲ ಕೆಳಗೆ ಹೋದರೆ ಗುಂಡಿಗೆ. ಎರಡಂಗುಲ ಮುಂದೆ ಹೋದರೆ ತೋಳಿನ ಮೂಳೆ ಮುರಿದುಕೊಂಡು ಎದೆಗೆ. ಎರಡಂಗುಲ ಹಿಂದೆ ಹೋದರೂ ಶ್ವಾಸಕೋಶವೇ. "ಭುಜದ ಹಿಂದೆ ಒಂದು ಗೇಣು" ಅಂತ ಮೊದಲೇ ಹಿಂದಕ್ಕೆ ಸರಿದು ಗುರಿಯಿಟ್ಟವರಿಗೆ ಈ ಸಹನೆ ಸಿಗಲ್ಲ. ಅಲ್ಲಿಂದ ಇನ್ನು ಮೂರಂಗುಲ ಜಾರಿದರೆ ಲಿವರ್, ಇಲ್ಲವೇ ಬೋಟಿ.

ಗುಂಡು ಬೀಳಬೇಕಾದ ಜಾಗ ಎಷ್ಟು ಅಗಲ ಅಂದರೆ ಎಲ್ಲರೂ 8 ಅಂಗುಲದ ಊಟದ ತಟ್ಟೆಯ ಉದಾಹರಣೆ ಕೊಡುತ್ತಾರೆ. ಅದು ಉತ್ತರದ ರಾಜ್ಯಗಳ ದೊಡ್ಡ ಗಂಡಿಗೆ ಸರಿ. ಹಿಲ್ ಕಂಟ್ರಿಯ ಹೆಣ್ಣು ಜಿಂಕೆ ಮೇಕೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಎದೆಯ ತಳದಿಂದ ಬೆನ್ನಿಗೆ ಸುಮಾರು 14-15 ಅಂಗುಲ. ಅದಕ್ಕೆ 6 ಅಂಗುಲ ಅಂತ ಇಟ್ಟುಕೊಂಡು ಅಭ್ಯಾಸ ಮಾಡಿ.

ಮಟನ್‌ಕತ್ತಿ
ಮೇಲಿನದಕ್ಕೆ ಒಳಗಿನ ನಕ್ಷೆ ಸೇರಿಸುತ್ತೇನೆ. ಮಟನ್ ಅಂಗಡಿಯಲ್ಲಿ ಇಡೀ ಮೇಕೆ ತೂಗುಹಾಕಿದ್ದನ್ನು ಗಮನವಿಟ್ಟು ನೋಡಿದವರಿಗೆ ಜಿಂಕೆಯ ಮೈ ಹೊಸದಲ್ಲ. ಅಳತೆ ಬೇರೆ, ಜೋಡಣೆ ಒಂದೇ.

ಮುಂಗಾಲಿನ ಮೂಳೆ ಮೇಲಿಂದ ಕೆಳಗೆ ನೆಟ್ಟಗಿರುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಅದು ನೆಟ್ಟಗಿಲ್ಲ. ಹೆಗಲ ಹಲಗೆ ಬೆನ್ನಿನ ಹತ್ತಿರ ಶುರುವಾಗಿ ಓರೆಯಾಗಿ ಮುಂದಕ್ಕೆ ಇಳಿಯುತ್ತದೆ. ಕತ್ತಿನ ಬುಡದ ಹತ್ತಿರ ಭುಜದ ಕೀಲು. ಅಲ್ಲಿಂದ ತೋಳಿನ ಮೂಳೆ ಹಿಂದಕ್ಕೆ ತಿರುಗಿ ಮೊಣಗಂಟಿಗೆ, ಅಂದರೆ ಮೊಣಕೈ ಗಂಟಿಗೆ, ಬರುತ್ತದೆ. ಪಕ್ಕದಿಂದ ನೋಡಿದರೆ ಹಿಂದಕ್ಕೆ ಬಾಯ್ದೆರೆದ ಕವಣೆಕೋಲಿನ ಆಕಾರ. ಆ ತೆರೆದ ಬಾಯಿಯಲ್ಲೇ ಶ್ವಾಸಕೋಶದ ನಡುಭಾಗ, ಕೆಳಗಿನ ಕೊನೆಯಲ್ಲಿ ಗುಂಡಿಗೆ. ಗುಂಡಿಗೆ ಜನ ಎಣಿಸುವುದಕ್ಕಿಂತ ತಗ್ಗಿನಲ್ಲಿ, ಎಣಿಸುವುದಕ್ಕಿಂತ ಮುಂದೆ ಇದೆ. ಮೊಣಗಂಟಿನ ನೇರಕ್ಕೆ, ಎದೆಮೂಳೆಯ ಮೇಲೆ ಕೂತಿದೆ.

ಶ್ವಾಸಕೋಶದ ಹಿಂದಿನ ಗಡಿಯೂ ನೆಟ್ಟಗಿಲ್ಲ. ವಪೆ (ಎದೆಗೂ ಹೊಟ್ಟೆಗೂ ನಡುವಿನ ಪೊರೆ) ಮುಂದಕ್ಕೆ ಉಬ್ಬಿದ ಗುಮ್ಮಟ. ಹಾಗಾಗಿ ಬೆನ್ನಿನ ಕಡೆ ಶ್ವಾಸಕೋಶ ಹಿಂದಿನ ಪಕ್ಕೆಲುಬುಗಳವರೆಗೆ ಚಾಚಿದ್ದರೂ ತಳದ ಕಡೆ ಮೊಣಗಂಟಿನ ಹಿಂದೆಯೇ ಮುಗಿದುಹೋಗುತ್ತದೆ. ಎಷ್ಟು ತಗ್ಗಿಗೆ ಹೋಗುತ್ತೀರೋ ಅಷ್ಟು ಮುಂದಕ್ಕೂ ಹೋಗಬೇಕು. ತಗ್ಗಾಗಿ ಮತ್ತು ಹಿಂದಾಗಿ ಬಿದ್ದ ಏಟು ಎಲ್ಲಕ್ಕಿಂತ ಕೆಟ್ಟದ್ದು.

ವಪೆಯ ಆಚೆ ಬಲಕ್ಕೆ ಲಿವರ್ ಹೆಚ್ಚು, ಎಡಕ್ಕೆ ಹೊಟ್ಟೆಯ ದೊಡ್ಡ ಚೀಲ. ಒಂದೇ ಎತ್ತರದಲ್ಲಿ ಹಿಂದೆ ಬಿದ್ದ ಏಟು ಎಡದಿಂದ ಹೊಕ್ಕರೆ ಮೊದಲು ಹಸಿಮೇವಿನ ಚೀಲ ಹರಿಯುತ್ತದೆ.

ಇನ್ನೊಂದು ಮಾತು ಓಡಾಡುತ್ತಿದೆ: ಬೆನ್ನುಮೂಳೆಗೂ ಶ್ವಾಸಕೋಶಕ್ಕೂ ನಡುವೆ ಖಾಲಿ ಜಾಗವಿದೆ, ಅಲ್ಲಿ ಗುಂಡು ತೂರಿದರೆ ಜಿಂಕೆಗೆ ಏನೂ ಆಗಲ್ಲ ಅಂತ. ಅಂಥ ಜಾಗವೇ ಇಲ್ಲ. ಶ್ವಾಸಕೋಶ ಬೆನ್ನುಮೂಳೆಗೆ ಅಂಟಿಕೊಂಡೇ ಇರುತ್ತದೆ. ಹೆಗಲಿನ ಹತ್ತಿರ ಬೆನ್ನುಮೂಳೆ ಮೇಲಿನ ಕೂದಲ ಗೆರೆಗಿಂತ 3-4 ಅಂಗುಲ ಕೆಳಗಿರುತ್ತದೆ, ಅದರ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಉದ್ದನೆಯ ಮುಳ್ಳೆಲುಬುಗಳು. "ಖಾಲಿ ಜಾಗ"ಕ್ಕೆ ಬಿತ್ತು ಅಂದುಕೊಂಡ ಏಟು ಬಿದ್ದದ್ದು ಆ ಮುಳ್ಳೆಲುಬು ಮತ್ತು ಬೆನ್ನಿನ ಮಾಂಸಕ್ಕೆ.

ಕೆರೆದಂಡೆ
ಇಷ್ಟು ದಿನ ಗುಂಡಿಗೆ ಎದೆಯ ನಟ್ಟನಡುವೆ ಇದೆ ಅಂತಲೇ ತಲೆಯಲ್ಲಿತ್ತು. ಓರೆ ನಿಲುವಿನ ಬಗ್ಗೆ ಹೇಳಿ.

ಬೋರೆಗುಡ್ಡ
ಓರೆ ಅಂದ ಕೂಡಲೇ ಒಳಹೋಗುವ ಜಾಗ ಮರೆತುಬಿಡಿ, ಹೊರಬೀಳುವ ಜಾಗ ಹುಡುಕಿ. ಜಿಂಕೆಯ ಮೈಯನ್ನು ಗಾಜಿನದು ಅಂತ ಭಾವಿಸಿ, ಆಚೆ ಬದಿಯ ಮುಂಗಾಲು ಎಲ್ಲಿ ಮೈಗೆ ಸೇರುತ್ತದೋ ಅಲ್ಲಿಗೆ ಒಂದು ದಾರ ಎಳೆಯಿರಿ. ಆ ದಾರ ನಿಮ್ಮ ಕಡೆಯ ಚರ್ಮವನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಸ್ಕೋಪ್‌ನ ಅಡ್ಡಗೆರೆ ಇಡಿ.

ನಿಮ್ಮಿಂದ ಆಚೆಗೆ ಮುಖ ಮಾಡಿ ಓರೆ ನಿಂತಿದ್ದರೆ ಗುಂಡು ಒಳಹೋಗುವ ಜಾಗ ಪಕ್ಕೆಲುಬಿನ ನಡುವಿಗೆ, ಕೆಲವೊಮ್ಮೆ ಕೊನೆಯ ಪಕ್ಕೆಲುಬಿನ ಹತ್ತಿರಕ್ಕೆ ಸರಿಯುತ್ತದೆ. ಕಣ್ಣಿಗೆ ಅದು "ತೀರಾ ಹಿಂದೆ" ಅನ್ನಿಸುತ್ತದೆ, ಗುಂಡಿನ ದಾರಿಗೆ ಅದೇ ಸರಿ. ಬಿಲ್ಲಿನವರಿಗೆ ಇದು ಎಲ್ಲಕ್ಕಿಂತ ಒಳ್ಳೆಯ ನಿಲುವು, ಯಾಕೆಂದರೆ ಎದುರಿಗೆ ಹೆಗಲ ಮೂಳೆಯೇ ಬರಲ್ಲ. ಆದರೆ 45 ಡಿಗ್ರಿ ದಾಟಿದರೆ ನಿಲ್ಲಿಸಿ. ಆಗ ಗುಂಡು ಮೊದಲು ಹೊಟ್ಟೆಯ ಚೀಲ ತೂರಬೇಕು. ಅದರ ತುಂಬ ಒದ್ದೆ ನಾರು. ಒದ್ದೆ ಗೋಣಿಚೀಲಕ್ಕೆ ಗುಂಡು ಹೊಡೆದ ಹಾಗೆ, .243ರಂಥ ಹಗುರ ಗುಂಡು ಎದೆ ತಲುಪುವ ಮೊದಲೇ ಸುಸ್ತಾಗುತ್ತದೆ.

ನಿಮ್ಮ ಕಡೆಗೆ ಮುಖ ಮಾಡಿ ಓರೆ ನಿಂತಿದ್ದರೆ ರೈಫಲ್‌ಗೆ ಅಲ್ಪ ಓರೆ ಪರವಾಗಿಲ್ಲ: ಈ ಕಡೆಯ ಭುಜದ ಕೀಲಿನ ಒಳಮಗ್ಗುಲಿಗೆ, ಕತ್ತಿನ ಬುಡದ ಕಡೆಗೆ. ಓರೆ ಹೆಚ್ಚಿದ್ದರೆ ಗುಂಡು ಎದೆಯಲ್ಲಿ ಹೊಕ್ಕು ಹೊಟ್ಟೆಯಲ್ಲಿ ಹೊರಬರುತ್ತದೆ. ಜಿಂಕೆ ಸಾಯುವುದೇನೋ ಸಾಯುತ್ತದೆ, ಮಾಂಸದ ತುಂಬ ಗೊಬ್ಬರ. ಬಿಲ್ಲಿನವರಂತೂ ಈ ನಿಲುವಿಗೆ ಬಾಣ ಬಿಡಲೇಬಾರದು.

ಬಿದಿರುಬಾಣ
ಬಿಲ್ಲಿನ ಮಾತು ಬಂದದ್ದರಿಂದ ಒಂದು ಲೆಕ್ಕ ಇಡುತ್ತೇನೆ. ಬಾಣದ ವೇಗ ಸೆಕೆಂಡಿಗೆ 280 ಅಡಿ, ಶಬ್ದದ ವೇಗ ಸುಮಾರು 1100 ಅಡಿ. ಹೆದೆಯ ಸದ್ದು ಬಾಣಕ್ಕಿಂತ ಮೊದಲೇ ಜಿಂಕೆಗೆ ತಲುಪುತ್ತದೆ. ಸದ್ದಿಗೆ ಬೆದರಿದ ಜಿಂಕೆ ಓಡುವ ಮೊದಲು ಕಾಲು ಮಡಿಸಿ ಕುಗ್ಗುತ್ತದೆ. ಬಾಣ ತಪ್ಪಿಸಿಕೊಳ್ಳಲಿಕ್ಕಲ್ಲ, ಹಾರಲು ಕಾಲಿಗೆ ಬಲ ತುಂಬಿಕೊಳ್ಳಲಿಕ್ಕೆ.

ಸದ್ದು ಕೇಳಿ ಕುಗ್ಗಲು ಶುರುಮಾಡಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು ಅಂತ ಇಟ್ಟುಕೊಳ್ಳಿ. ಕುಗ್ಗುವ ವೇಗ ಕಲ್ಲು ಬೀಳುವಷ್ಟೇ ಅನ್ನಿ. 20 ಗಜದಲ್ಲಿ ಬಾಣ ಮುಟ್ಟುವ ಹೊತ್ತಿಗೆ ಮೈ ಒಂದಂಗುಲವೂ ಇಳಿದಿರಲ್ಲ. 30 ಗಜದಲ್ಲಿ ಸುಮಾರು 4 ಅಂಗುಲ. 40 ಗಜದಲ್ಲಿ 9 ಅಂಗುಲ. ಹತ್ತು ಗಜ ಹೆಚ್ಚಿದರೆ ತಪ್ಪು ಎರಡರಷ್ಟಲ್ಲ, ಎರಡಕ್ಕಿಂತ ಎಷ್ಟೋ ಮೇಲೆ. ರೇಂಜಿನಲ್ಲಿ 50 ಗಜಕ್ಕೆ ಬಾಣದ ಮೇಲೆ ಬಾಣ ಕೂರಿಸುವವರೂ ಇದಕ್ಕೆ ಏನೂ ಮಾಡುವ ಹಾಗಿಲ್ಲ. ರೇಂಜಿನ ಫೋಮ್ ಜಿಂಕೆಗೆ ಕಿವಿಯಿಲ್ಲ. ಹಾಗಾಗಿ 25-30 ಗಜದಲ್ಲಿ ಗುರಿಯನ್ನು ಗುಂಡಿಗೆಯ ಮಟ್ಟಕ್ಕೆ ಇಳಿಸಿ. ಜಿಂಕೆ ಕುಗ್ಗಿದರೆ ಶ್ವಾಸಕೋಶ, ಕುಗ್ಗದಿದ್ದರೆ ಗುಂಡಿಗೆ.

ನಡೆಯುತ್ತಿರುವ ಜಿಂಕೆಯನ್ನು ನಿಲ್ಲಿಸಲು ಬಾಯಲ್ಲಿ ಮೆಲ್ಲಗೆ "ಮ್ಯಾ" ಅನ್ನುವುದುಂಟು. ರೈಫಲ್‌ನವರಿಗೆ ಅದು ಅನುಕೂಲ. ಬಿಲ್ಲಿನವರಿಗೆ ಅದು ಎರಡು ಅಲಗಿನ ಕತ್ತಿ: ಜಿಂಕೆ ನಿಲ್ಲುತ್ತದೆ, ಆದರೆ ಮೈಯೆಲ್ಲ ಬಿಗಿಯಾಗಿ, ಹಾರಲು ತಯಾರಾಗಿ.

ಗೋಧೂಳಿ
ಮರದ ಮೇಲಿನ ಸ್ಟ್ಯಾಂಡ್‌ನಿಂದ ಬಿಡುವಾಗ?

ಬಿದಿರುಬಾಣ
20 ಅಡಿ ಎತ್ತರದಲ್ಲಿ ಕೂತಿದ್ದೀರಿ, ಜಿಂಕೆ 20 ಗಜದಲ್ಲಿದೆ ಅಂದರೆ ಇಳಿಜಾರು ಸುಮಾರು 18 ಡಿಗ್ರಿ. 10 ಗಜಕ್ಕೆ ಬಂದರೆ 34. 5 ಗಜಕ್ಕೆ ಬಂದರೆ 53. ಹತ್ತಿರ ಬಂದಷ್ಟೂ ಸುಲಭ ಅನ್ನಿಸುತ್ತದೆ, ವಾಸ್ತವ ಉಲ್ಟಾ. ಕಾಲಬುಡದಲ್ಲಿರುವ ಜಿಂಕೆಗೆ ಬಿಟ್ಟ ಬಾಣ ಒಂದೇ ಶ್ವಾಸಕೋಶ ಹರಿದು ಎದೆಯ ತಳಕ್ಕೆ ಇಳಿಯುತ್ತದೆ. ಒಂದು ಶ್ವಾಸಕೋಶ ಉಳಿದ ಜಿಂಕೆ ಮೈಲಿಗಟ್ಟಲೆ ಹೋಗಬಲ್ಲದು. ಹೊರಬೀಳುವ ಜಾಗ ಆಚೆ ಬದಿಯ ಎದೆಯ ಕೆಳ ಮೂರನೇ ಪಾಲಿನಲ್ಲಿರಬೇಕು. ಅದಕ್ಕೆ ಒಳಹೋಗುವ ಜಾಗವನ್ನು ಎಷ್ಟು ಮೇಲೆ ಹಿಡಿಯಬೇಕೋ ಹಿಡಿಯಿರಿ. ಹಿಡಿಯಲು ಜಾಗವೇ ಕಾಣದಿದ್ದರೆ ಅದು 15 ಗಜ ದಾಟಿ ಹೋಗುವವರೆಗೆ ಸುಮ್ಮನೆ ಕೂತಿರಿ.

ಕೆರೆದಂಡೆಯವರಿಗೆ ಈ ತಲೆನೋವಿಲ್ಲ. 10 ಅಡಿ ಎತ್ತರದ ಬ್ಲೈಂಡ್, 90 ಗಜ ಅಂದರೆ ಇಳಿಜಾರು ಎರಡು ಡಿಗ್ರಿ ಚಿಲ್ಲರೆ.

ಹುಬ್ಬಳ್ಳಿಹುಡುಗ
ಅಲ್ರೀ, ಇಷ್ಟೆಲ್ಲಾ ಅಂಗುಲದ ಲೆಕ್ಕ ಯಾಕ್ ಬೇಕ್ರಿ? ತಲಿಗೆ ಹೊಡದ್ರ ಜಾಗದಾಗ ಬೀಳ್ತೈತಿ, ಮಾಂಸಾನೂ ಕೆಡಂಗಿಲ್ಲ. 90 ಗಜಕ್ಕ ಸ್ಕೋಪ್ ಇರೋ ರೈಫಲ್ ತಪ್ಪತೈತೇನ್ರಿ?

ಮಟನ್‌ಕತ್ತಿ
ರೈಫಲ್ ತಪ್ಪಲ್ಲ, ತಲೆ ತಪ್ಪಿಸಿಕೊಳ್ಳುತ್ತದೆ. ಜಿಂಕೆಯ ಮೈಯಲ್ಲಿ ಸದಾ ಅಲುಗಾಡುವ ಭಾಗ ಅದೇ. ಮೇಯುವಾಗ ಸೆಕೆಂಡಿಗೊಮ್ಮೆ ಎತ್ತುತ್ತದೆ, ಇಳಿಸುತ್ತದೆ, ನೊಣ ಓಡಿಸುತ್ತದೆ. ಮಿದುಳು ಮುಷ್ಟಿಗಿಂತ ಚಿಕ್ಕದು, ತಲೆಬುರುಡೆಯ ಹಿಂಭಾಗದಲ್ಲಿ ಮೇಲೆ ಕೂತಿದೆ. ಮುಖದ ಬಾಕಿ ಎಲ್ಲ ಮೂಗು, ಹಲ್ಲು, ದವಡೆ. ಎರಡಂಗುಲ ಮುಂದೆ ಬಿದ್ದರೆ ಕೆಳದವಡೆ ಹಾರಿಹೋಗುತ್ತದೆ. ಆ ಜಿಂಕೆ ಬೀಳಲ್ಲ, ಓಡುತ್ತದೆ. ನೆತ್ತರ ಜಾಡೂ ಬೇಗ ನಿಂತುಹೋಗುತ್ತದೆ. ಆಮೇಲೆ ಮೇಯಲಾರದೆ, ನೀರು ಕುಡಿಯಲಾರದೆ ದಿನಗಟ್ಟಲೆ ನರಳಿ ಸಾಯುತ್ತದೆ. ಎದೆಗಿಟ್ಟ ಗುರಿ ಎರಡಂಗುಲ ತಪ್ಪಿದರೂ ಜಿಂಕೆ ನಿಮಿಷದೊಳಗೆ ಸಾಯುತ್ತದೆ.

ಕುತ್ತಿಗೆಗೂ ಇದೇ ಮಾತು. ಕತ್ತು ದಪ್ಪ ಕಾಣುತ್ತದೆ, ಒಳಗಿನ ಬೆನ್ನೆಲುಬು ತೆಳ್ಳಗೆ, ಅದೂ ಸೊಟ್ಟಗೆ ಹಾಯ್ದಿರುತ್ತದೆ. ಹಿಂಭಾಗದಿಂದ ತೊಡೆಗಳ ನಡುವೆ ಹೊಡೆಯುವುದಕ್ಕೆ "ಟೆಕ್ಸಾಸ್ ಹಾರ್ಟ್ ಶಾಟ್" ಅಂತ ತಮಾಷೆಯ ಹೆಸರಿದೆ. ಹೆಸರು ಮಾತ್ರ ತಮಾಷೆ.

ಕಣಿವೆಗಾಳಿ
ನಿಂತ ಜಾಗದಲ್ಲೇ ಬೀಳಬೇಕು ಅಂದರೆ ತಲೆಗೇ ಹೋಗಬೇಕಿಲ್ಲ, ಮೇಲ್ಭುಜ ಇದೆ. ಅಡ್ಡ ನಿಂತ ಜಿಂಕೆಯ ಮುಂಗಾಲಿನ ನಡುಗೆರೆ ಹಿಡಿದು ಎತ್ತರದ ಅರ್ಧಕ್ಕಿಂತ ಸ್ವಲ್ಪ ಮೇಲೆ. ಗುಂಡು ಎರಡೂ ಹೆಗಲ ಹಲಗೆ ಮುರಿಯುತ್ತದೆ, ಬೆನ್ನುಹುರಿಗೆ ಪೆಟ್ಟು ಕೊಡುತ್ತದೆ, ಕೆಳಗೆ ಶ್ವಾಸಕೋಶವೂ ಹರಿಯುತ್ತದೆ. ಜಿಂಕೆ ಚೀಲ ಕುಸಿದ ಹಾಗೆ ಕುಸಿಯುತ್ತದೆ. ಪಕ್ಕದ ಜಮೀನಿನ ಬೇಲಿ 60 ಗಜದಲ್ಲಿದ್ದರೆ, ಕತ್ತಲಾಗುತ್ತಿದ್ದರೆ, ಇದಕ್ಕೆ ಬೆಲೆಯಿದೆ. ಟೆಕ್ಸಾಸ್‌ನಲ್ಲಿ ಒಡೆಯನ ಒಪ್ಪಿಗೆಯಿಲ್ಲದೆ ಬೇಲಿ ದಾಟಿ ಗಾಯಗೊಂಡ ಜಿಂಕೆಯನ್ನು ಹುಡುಕುವ ಹಾಗಿಲ್ಲ.

ಬೋರೆಗುಡ್ಡ
ಇದಕ್ಕೆ ನನ್ನ ತಕರಾರಿದೆ. ಕಣಿವೆಗಾಳಿ ಹೇಳಿದ್ದು ಸುಳ್ಳಲ್ಲ, ಆದರೆ ಮೊದಲ ಸೀಸನ್‌ನವರಿಗೆ ಹೇಳುವ ಮಾತಲ್ಲ. ಮೂರಂಗುಲ ಮೇಲೆ ಹೋದರೆ ಮಟನ್‌ಕತ್ತಿ ಹೇಳಿದ ಮುಳ್ಳೆಲುಬಿಗೆ ಬೀಳುತ್ತದೆ. ಆಗಲೂ ಜಿಂಕೆ ನಿಂತಲ್ಲೇ ಬೀಳುತ್ತದೆ! ಬೆನ್ನುಹುರಿಗೆ ಆಘಾತ ಮಾತ್ರ ಆಗಿರುತ್ತದೆ. ಹೊಡೆದವರು ಸೇಫ್ಟಿ ಹಾಕಿ, ಫೋನ್ ತೆಗೆದು ಮೆಸೇಜ್ ಕಳಿಸುವಷ್ಟರಲ್ಲಿ ಜಿಂಕೆ ಎದ್ದು ಓಡುತ್ತದೆ. ಇದಕ್ಕೆ ಜೊತೆಯಾಗಿ .243ರ 100 ಗ್ರೇನ್ ಗುಂಡು ಎರಡು ಹೆಗಲ ಹಲಗೆ ಮುರಿದು ಹೊರಬರುತ್ತದೆ ಅನ್ನುವ ಭರವಸೆಯಿಲ್ಲ. .308ರ 150-165 ಗ್ರೇನ್ ಆಗಿದ್ದರೆ ಬೇರೆ ಮಾತು. ಮುಂಗಾಲಿನ ಮಾಂಸವೂ ಹೆಪ್ಪುಗಟ್ಟಿದ ರಕ್ತ, ಮೂಳೆಚೂರು ಸೇರಿ ನಾಯಿಗೆ ಹಾಕುವ ಹಾಗಾಗುತ್ತದೆ.

ಗುಂಡಿಗೆ ಒಡೆದ ಜಿಂಕೆಯೂ ಓಡುತ್ತದೆ, ಅದರಿಂದ ಗಾಬರಿಯಾಗಬೇಕಿಲ್ಲ. ಮಿದುಳಿನಲ್ಲಿ ಉಳಿದ ಆಮ್ಲಜನಕ ಹತ್ತು ಸೆಕೆಂಡಿನ ತನಕ ಸಾಕಾಗುತ್ತದೆ. ಗಂಟೆಗೆ 30 ಮೈಲಿಯ ಓಟ ಅಂದರೆ ಸೆಕೆಂಡಿಗೆ 44 ಅಡಿ, ಎಂಟು ಸೆಕೆಂಡಿಗೆ 117 ಗಜ. ಓಡಿತು ಅಂದ ಮಾತ್ರಕ್ಕೆ ಏಟು ಕೆಟ್ಟಿತು ಅಂತಲ್ಲ.

ಕಣಿವೆಗಾಳಿ
.243ಗೆ ಬೇಡ ಅನ್ನುವುದನ್ನು ಒಪ್ಪುತ್ತೇನೆ. ಬೇಲಿಯ ವಿಷಯ ಬಿಟ್ಟುಕೊಡಲ್ಲ. ಬೇಲಿ ಅಷ್ಟು ಹತ್ತಿರವಿದ್ದರೆ ಪಕ್ಕದ ಜಮೀನಿನವರ ಫೋನ್ ನಂಬರ್ ಸೀಸನ್‌ಗೆ ಮೊದಲೇ ತೆಗೆದುಕೊಂಡು, ಒಪ್ಪಿಗೆ ಕೇಳಿಟ್ಟಿರಿ.

ಗೋಧೂಳಿ
ಗುಂಡಿನ ಆಯ್ಕೆಯೂ ಇದರಲ್ಲೇ ಸೇರುತ್ತದೆ ಅಲ್ಲವೇ? .243ಗೆ ಅಂಗಡಿಯಲ್ಲಿ 55 ಗ್ರೇನ್‌ನಿಂದ 100ರ ತನಕ ಸಿಗುತ್ತವೆ.

ಕಣಿವೆಗಾಳಿ
55-70 ಗ್ರೇನ್‌ನವು ನರಿ, ಕಯೋಟಿಗಾಗಿ. ಹೆಗಲಿಗೆ ತಾಗಿದ ಕೂಡಲೇ ಮೇಲೆಯೇ ಪುಡಿಯಾಗುತ್ತವೆ: ಹೊರಗೆ ಬೋಗುಣಿಯಷ್ಟು ಗಾಯ, ಒಳಗೆ ಎದೆ ಹಾಗೇ. ಜಿಂಕೆಗೆ 90-100 ಗ್ರೇನ್. ಪೂರ್ತಿ ತಾಮ್ರದ ಗುಂಡಾದರೆ 80-85 ಸಾಕು, ಯಾಕೆಂದರೆ ಅದು ತೂಕ ಕಳೆದುಕೊಳ್ಳಲ್ಲ. ಸೀಸದ ಚೂರು ಮಾಂಸಕ್ಕೆ ಸೇರಬಾರದು ಅನ್ನುವವರಿಗೂ ಅದೇ ದಾರಿ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಇಲ್ಲ. ಫುಲ್ ಮೆಟಲ್ ಜಾಕೆಟ್ (ತುದಿಯವರೆಗೆ ಲೋಹದ ಕವಚ ಇರುವ ಗುಂಡು) ಮಾತ್ರ ಬೇಡವೇ ಬೇಡ. ಅದು ಅರಳಲ್ಲ, ದಬ್ಬಳ ಚುಚ್ಚಿದ ಹಾಗೆ ತೂರಿಹೋಗುತ್ತದೆ. ರಿಮ್‌ಫೈರ್‌ನಲ್ಲಿ (.22ರಂಥ ಸಣ್ಣ ಗುಂಡು) ಬಿಳಿಬಾಲದ ಜಿಂಕೆ ಹೊಡೆಯುವುದು ಟೆಕ್ಸಾಸ್‌ನಲ್ಲಿ ಕಾನೂನಿಗೇ ವಿರುದ್ಧ.

ಸೀಸದಿಂದ ತಾಮ್ರಕ್ಕೆ ಬದಲಾಯಿಸಿದರೆ ಜೀರೋ ಮತ್ತೆ ಮಾಡಿ. ಒಂದೇ ರೈಫಲ್, ಒಂದೇ ತೂಕ, ಆದರೂ ಗುಂಡು ಬೀಳುವ ಜಾಗ ಬೇರೆಯಾಗಬಹುದು.

ಬೋರೆಗುಡ್ಡ
ಬಾಕ್ಸ್ ಬ್ಲೈಂಡ್‌ನವರಿಗೆ ಒಂದು ಎಚ್ಚರಿಕೆ. ಸ್ಕೋಪ್ ನಳಿಗೆಗಿಂತ ಒಂದೂವರೆ ಅಂಗುಲ ಮೇಲಿದೆ. ಸ್ಕೋಪ್‌ನಲ್ಲಿ ಜಿಂಕೆ ಪೂರ್ತಿ ಕಾಣುತ್ತಿರುವಾಗಲೂ ನಳಿಗೆಯ ತುದಿ ಕಿಟಕಿಯ ಚೌಕಟ್ಟಿಗೆ ಮುಖ ಮಾಡಿರಬಹುದು. ಮರದ ಹಲಗೆ ಸೀಳಿ ಹೋದ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಹೇಳಲು ಆಗಲ್ಲ. ನಳಿಗೆಯ ತುದಿ ಕಿಟಕಿಯ ಹೊರಗಿರಲಿ. ದಾರಿಯಲ್ಲಿ ಬರುವ ಬೇಲಿ ತಂತಿ, ಜಾಲಿ ಕಡ್ಡಿಗೂ ಇದೇ ಮಾತು.

ಫೀಡರ್ ಕೆಳಗೆ ಜಿಂಕೆ ನಿಲ್ಲುವುದು ಕಡಿಮೆ, ಕಾಳಿಗಾಗಿ ಒಂದನ್ನೊಂದು ತಳ್ಳಾಡುತ್ತ ಸುತ್ತುತ್ತಿರುತ್ತವೆ. ಗುಂಡು ಒಂದರ ಎದೆ ತೂರಿ ಹಿಂದಿನದರ ಹೊಟ್ಟೆಗೆ ಬೀಳುತ್ತದೆ. ಬೇಕಾದ ಜಿಂಕೆ ಗುಂಪಿನಿಂದ ಹೊರಬಂದು, ಹಿಂದೆ ಬರೀ ಮಣ್ಣು ಕಾಣುವವರೆಗೆ ಕಾಯಿರಿ. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆಯನ್ನು ಬಿಟ್ಟುಬಿಡಿ. ಕೆರೆದಂಡೆಯವರ ಮೂರನೇ ಪ್ರಶ್ನೆಗೆ ಇದೇ ದೊಡ್ಡ ಉತ್ತರ: ನಿಲುವು ಸರಿಯಿದ್ದು ಹಿನ್ನೆಲೆ ಸರಿಯಿಲ್ಲದಿದ್ದರೆ ಅದು ಬಿಡಬಾರದ ಗುಂಡು.

ಆಸ್ಟಿನ್‌ಅಗಸ್ತ್ಯ
ಇದೆಲ್ಲ ಬಿಳಿಬಾಲಕ್ಕಾಯಿತು. ಇಲ್ಲಿನ ರ‍್ಯಾಂಚ್‌ಗಳಲ್ಲಿ ಆಕ್ಸಿಸ್ ಡೀರ್ ತುಂಬ ಇವೆಯಲ್ಲ, ಅದು ನಮ್ಮ ಬಂಡೀಪುರ, ನಾಗರಹೊಳೆಯ ಸಾರಂಗವೇ ಅಲ್ಲವೇ? ಅದಕ್ಕೂ ಗುರಿ ಇದೇನಾ?

ಮಟನ್‌ಕತ್ತಿ
ಅದೇ ಚುಕ್ಕೆ ಜಿಂಕೆ. 1932ರಲ್ಲಿ ಟೆಕ್ಸಾಸ್‌ಗೆ ತಂದು ಬಿಟ್ಟದ್ದು, ಈಗ ಬೇಲಿ ಹಾರಿ ಕಾಡು ಸೇರಿದೆ. ಹೊರಗಿನ ಪ್ರಾಣಿ ಅನ್ನುವ ಲೆಕ್ಕದಲ್ಲಿ ಅದಕ್ಕೆ ಸೀಸನ್ ಇಲ್ಲ, ಟ್ಯಾಗ್ (ಹೊಡೆದ ಪ್ರಾಣಿಗೆ ಕಟ್ಟುವ ಲೈಸೆನ್ಸ್ ಚೀಟಿ) ಇಲ್ಲ. ಬೇಟೆಯ ಲೈಸೆನ್ಸ್ ಮತ್ತು ಜಮೀನಿನವರ ಒಪ್ಪಿಗೆ ಬೇಕು.

ಒಳಗಿನ ನಕ್ಷೆ ಅದೇ. ಗಂಡು ಇಲ್ಲಿನ ಬಿಳಿಬಾಲಕ್ಕಿಂತ ಬಹಳ ಭಾರಿ, ಹೆಗಲು ದಪ್ಪ. .243 ಸಾಕಾಗುತ್ತದೆ, ಆದರೆ ಅಡ್ಡ ನಿಲುವಿಗೆ ಮಾತ್ರ. ಚುಕ್ಕೆಗಳು ಕಣ್ಣಿಗೆ ಮೋಸ ಮಾಡುತ್ತವೆ: ಹೊಟ್ಟೆಯ ಅಂಚಿನ ಮೇಲೆ ಚುಕ್ಕೆಗಳ ಸಾಲೊಂದು ಗೆರೆ ಎಳೆದ ಹಾಗೆ ಹಾಯ್ದಿರುತ್ತದೆ, ಕಣ್ಣು ಅದನ್ನೇ ಹಿಡಿದುಕೊಳ್ಳುತ್ತದೆ, ಏಟು ತಗ್ಗಿಗೆ ಬೀಳುತ್ತದೆ. ಮುಂಗಾಲನ್ನು ನೋಡಿ, ಚುಕ್ಕೆಯನ್ನಲ್ಲ. ದೊಡ್ಡ ಹಿಂಡಿನಲ್ಲಿರುವುದರಿಂದ ಹಿಂದೆ ಇನ್ನೊಂದು ಪ್ರಾಣಿ ಇರುವ ಸಂಭವವೂ ಹೆಚ್ಚು. ಬೇಸಿಗೆಯಲ್ಲಿ ಹೊಡೆದರೆ ಐಸ್ ಪೆಟ್ಟಿಗೆ ಕೈಯಳತೆಯಲ್ಲಿರಲಿ.

ನಿರ್ವಾಹಕ
ಊರಿನಲ್ಲಿ ಹೊಲಕ್ಕೆ ಬರುವ ಸಾರಂಗದ ಬಗ್ಗೆ ಕೇಳಿದ್ದ ಎರಡು ಪೋಸ್ಟ್ ತೆಗೆದಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಈ ಚರ್ಚೆ ಅಮೆರಿಕದಲ್ಲಿ ಲೈಸೆನ್ಸ್ ಇರುವ ಬೇಟೆಗೆ ಮಾತ್ರ.

ಎಚ್-1ಬಿಯವರು ಕೇಳುತ್ತಲೇ ಇರುವುದರಿಂದ: ವಲಸೆಯೇತರ ವೀಸಾದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಟೆಕ್ಸಾಸ್ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಗ್ರೀನ್ ಕಾರ್ಡ್‌ನವರಿಗೆ ಈ ನಿರ್ಬಂಧ ಇಲ್ಲ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಟೆಕ್ಸಾಸ್‌ನಲ್ಲಿ ಹಂಟರ್ ಎಜುಕೇಶನ್ ಮುಗಿಸಬೇಕು.

ಕೆರೆದಂಡೆ
ಗುಂಡು ಬಿಟ್ಟ ಮೇಲಿನ ಮೊದಲ ಐದು ನಿಮಿಷ ಏನು ಮಾಡಬೇಕು?

ಕಣಿವೆಗಾಳಿ
ಮೊದಲ ಸೆಕೆಂಡಿನಲ್ಲಿ ಬೋಲ್ಟ್ ಎಳೆದು ಇನ್ನೊಂದು ಗುಂಡು ತುಂಬಿ, ಕಣ್ಣು ಸ್ಕೋಪ್‌ನಲ್ಲೇ ಇರಲಿ. ಜಿಂಕೆ ಹೇಗೆ ಹೋಯಿತು ಅನ್ನುವುದೇ ಅರ್ಧ ವರದಿ. ಹಿಂಗಾಲು ಝಾಡಿಸಿ ಒದ್ದು, ತಲೆ ತಗ್ಗಿಸಿ ಕುರುಡು ಓಟ ಕಿತ್ತರೆ ಗುಂಡಿಗೆ ಅಥವಾ ಶ್ವಾಸಕೋಶ. ಬೆನ್ನು ಗೂನು ಮಾಡಿ, ಬಾಲ ಮಡಚಿ, ನಾಲ್ಕು ಹೆಜ್ಜೆ ಓಡಿ ಆಮೇಲೆ ನಡೆಯತೊಡಗಿದರೆ ಹೊಟ್ಟೆ. ಕೊನೆಯ ಸಲ ಕಂಡದ್ದು ಯಾವ ಮರದ ಪಕ್ಕದಲ್ಲಿ ಅಂತ ಗುರುತಿಟ್ಟುಕೊಳ್ಳಿ. ಬ್ಲೈಂಡ್ ಇಳಿದ ಮೇಲೆ ಎಲ್ಲ ಮರವೂ ಒಂದೇ ಥರ ಕಾಣುತ್ತವೆ, ಅದಕ್ಕೆ ಇಳಿಯುವ ಮೊದಲೇ ಫೋನ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ನಿಂತಿದ್ದ ಜಾಗದಲ್ಲಿ ಏನು ಸಿಗುತ್ತದೆ ನೋಡಿ. ತಿಳಿಗುಲಾಬಿ ನೊರೆ, ಒಳಗೆ ಸಣ್ಣ ಗುಳ್ಳೆ: ಶ್ವಾಸಕೋಶ, ಅರ್ಧ ಗಂಟೆ ಸಾಕು. ಗಾಢ, ಕಂದುಗೆಂಪು ರಕ್ತ, ಗುಳ್ಳೆಯಿಲ್ಲ: ಲಿವರ್, ನಾಲ್ಕರಿಂದ ಆರು ಗಂಟೆ. ಹಸಿರು-ಕಂದು ನೀರು, ಸಗಣಿ ವಾಸನೆ: ಹೊಟ್ಟೆ, ಎಂಟರಿಂದ ಹನ್ನೆರಡು ಗಂಟೆ. ಉಜ್ವಲ ಕೆಂಪು ರಕ್ತವನ್ನು ಮಾತ್ರ ಪೂರ್ತಿ ನಂಬಬೇಡಿ, ಗುಂಡಿಗೆಯದೂ ಹಾಗೇ, ಬರೀ ಮಾಂಸದ ಗಾಯದ್ದೂ ಹಾಗೇ.

ರಕ್ತವೇ ಇಲ್ಲದಿದ್ದರೂ ತಪ್ಪಿತು ಅಂತ ತೀರ್ಮಾನಿಸಬೇಡಿ. ಶ್ವಾಸಕೋಶದ ಮೇಲ್ಭಾಗಕ್ಕೆ ಬಿದ್ದಿದ್ದರೆ ರಕ್ತ ಮೊದಲು ಎದೆಯೊಳಗೆ ತುಂಬುತ್ತದೆ, ತೂತಿನ ಮಟ್ಟಕ್ಕೆ ಬಂದ ಮೇಲೆ ಹೊರಗೆ ಚೆಲ್ಲುತ್ತದೆ. ಐವತ್ತು ಗಜ ನಡೆದ ಮೇಲೆ ಜಾಡು ಶುರುವಾಗಬಹುದು.

ಗೋಧೂಳಿ
ಹನ್ನೆರಡು ಗಂಟೆ ಅಂದರೆ ನವೆಂಬರ್‌ನ ಟೆಕ್ಸಾಸ್‌ನಲ್ಲಿ ಮಾಂಸ ಹಳಸುತ್ತದೆ. ಮಧ್ಯಾಹ್ನ 80 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ರಾತ್ರಿಗೆ ಕಯೋಟಿಗಳು. ಇದು ಮಿಷಿಗನ್‌ನ ಹಿಮದಲ್ಲಿ ಕೂತು ಬರೆದ ಸೂತ್ರ.

ಕಣಿವೆಗಾಳಿ
ಹೌದು, ಇಲ್ಲಿ ಅದು ನಿಜವಾದ ಇಕ್ಕಟ್ಟು. ಆದರೂ ಅವಸರ ಮಾಡಿದರೆ ಎರಡೂ ಕೈತಪ್ಪುತ್ತವೆ. ಹೊಟ್ಟೆಗೆ ಬಿದ್ದ ಜಿಂಕೆಯನ್ನು ಅಟ್ಟದಿದ್ದರೆ ಒಂದೆರಡು ನೂರು ಗಜದೊಳಗೆ ಮಲಗುತ್ತದೆ, ಬಹಳ ಸಲ ಅಲ್ಲೇ ಸಾಯುತ್ತದೆ. ಅರ್ಧ ಗಂಟೆಗೇ ಹೋಗಿ ಎಬ್ಬಿಸಿದರೆ ಮೈಲಿ ದೂರ ಹೋಗುತ್ತದೆ, ನೆತ್ತರೂ ಬೀಳಲ್ಲ, ಯಾಕೆಂದರೆ ಕರುಳು ಗಾಯಕ್ಕೆ ಬಿರಡೆ ಹಾಕಿರುತ್ತದೆ. ಬೆಳಿಗ್ಗೆ ಹೊಡೆದದ್ದಾದರೆ ಐದಾರು ಗಂಟೆ ಕಾದು, ಜಾಡಿನ ನಾಯಿ ಇರುವವರನ್ನು ಕರೆಸಿ. ಟೆಕ್ಸಾಸ್‌ನ ಬಹುತೇಕ ಕೌಂಟಿಗಳಲ್ಲಿ ಗಾಯಗೊಂಡ ಜಿಂಕೆ ಹುಡುಕಲು ಎರಡು ನಾಯಿಯವರೆಗೆ ಬಳಸಬಹುದು, ಪೂರ್ವದ ಕೆಲವು ಕೌಂಟಿಗಳಲ್ಲಿ ಇಲ್ಲ. ನೀವು ನಾಲ್ಕು ಜನ ಸೇರಿ ತುಳಿದಾಡುವ ಮೊದಲೇ ಕರೆಸಿ, ತುಳಿದ ಜಾಡಿನಲ್ಲಿ ನಾಯಿಯ ಮೂಗಿಗೂ ಗೊಂದಲ. ಮಳೆ ಬರುವ ಹಾಗಿದ್ದರೆ ಲೆಕ್ಕ ಬದಲಾಗುತ್ತದೆ, ಜಾಡು ತೊಳೆದುಹೋಗುವ ಮೊದಲು ಹೊರಡಿ.

ಬೋರೆಗುಡ್ಡ
ಅಭ್ಯಾಸದ ಬಗ್ಗೆ ಯಾರೂ ಹೇಳಿಲ್ಲ. ಬೆಂಚಿನ ಮೇಲೆ ಮರಳಿನ ಚೀಲ ಇಟ್ಟು ಬಾರಿಸಿದ ಗುಂಪು ರೈಫಲ್‌ನ ಪರೀಕ್ಷೆ, ನಿಮ್ಮದಲ್ಲ. 6 ಅಂಗುಲದ ಕಾಗದದ ತಟ್ಟೆ ಕಟ್ಟಿ, ಬ್ಲೈಂಡ್‌ನಲ್ಲಿ ಕೂರುವ ಕುರ್ಚಿಯಲ್ಲೇ ಕೂತು, ಕಿಟಕಿಯ ಎತ್ತರಕ್ಕೆ ರೈಫಲ್ ಒರಗಿಸಿ ಐದು ಗುಂಡು ಬಿಡಿ. ಐದೂ ತಟ್ಟೆಯೊಳಗೆ ಬಿದ್ದ ದೂರ ನಿಮ್ಮ ದೂರ. ನಾಲ್ಕು ಬಿದ್ದರೆ ಅದು ನಿಮ್ಮದಲ್ಲ. ತಣ್ಣಗಿನ ನಳಿಗೆಯಿಂದ ಹೋದ ಮೊದಲ ಗುಂಡು ಎಲ್ಲಿ ಬಿತ್ತು ಅಂತ ಬೇರೆ ಗುರುತು ಮಾಡಿ, ಜಿಂಕೆಗೆ ಸಿಗುವುದು ಅದೊಂದೇ. 100ಕ್ಕೆ ಜೀರೋ ಆದ ನಿಮ್ಮ .243, 200 ಗಜದಲ್ಲಿ ಸುಮಾರು 3 ಅಂಗುಲ ಕೆಳಗೆ ಹೊಡೆಯುತ್ತದೆ. 90 ಗಜದ ಫೀಡರ್‌ಗೆ ಏನೂ ಹೊಂದಿಸಬೇಕಿಲ್ಲ.

ಕೆರೆದಂಡೆ
ಕೊನೆಯ ಪ್ರಶ್ನೆ. ಬಿದ್ದ ಜಿಂಕೆಯ ಹತ್ತಿರ ಹೋಗುವುದು ಹೇಗೆ?

ಮಟನ್‌ಕತ್ತಿ
ಬೆನ್ನಿನ ಕಡೆಯಿಂದ, ಕಾಲುಗಳಿಂದ ದೂರ, ರೈಫಲ್ ತುಂಬಿಕೊಂಡು. ಹತ್ತು ಗಜದಲ್ಲಿ ನಿಂತು ಪಕ್ಕೆ ಏರಿಳಿಯುತ್ತಿದೆಯಾ ನೋಡಿ. ಸತ್ತ ಜಿಂಕೆಯ ಕಣ್ಣು ತೆರೆದೇ ಇರುತ್ತದೆ. ಕಣ್ಣು ಮುಚ್ಚಿದ್ದರೆ ಜೀವ ಇದೆ ಅಂತಲೇ ತಿಳಿಯಿರಿ. ಉದ್ದನೆಯ ಕಡ್ಡಿಯಿಂದ ಕಣ್ಣಗುಡ್ಡೆ ಮುಟ್ಟಿ, ರೆಪ್ಪೆ ಮಿಟುಕಿದರೆ ಹಿಂದೆ ಸರಿದು ಮೊಣಗಂಟಿನ ಹಿಂದೆ ಎದೆಗೆ ಇನ್ನೊಂದು ಗುಂಡು. ಕತ್ತಿ ಹಿಡಿದು ಕುತ್ತಿಗೆಗೆ ಹೋಗಬೇಡಿ, ಅದಕ್ಕೂ ನೋವು, ನಿಮಗೂ ಗೊರಸಿನ ಪೆಟ್ಟು.

ಮಿಟುಕದಿದ್ದರೆ ಗುಂಡು ತೆಗೆದು ರೈಫಲ್ ಪಕ್ಕಕ್ಕಿಟ್ಟು, ಫೋಟೊಗೆ ಮುಂಚೆ ಟ್ಯಾಗ್. ಲೈಸೆನ್ಸ್‌ನ ಟ್ಯಾಗ್‌ನಲ್ಲಿ ತಿಂಗಳು ಮತ್ತು ದಿನಾಂಕ ಚಾಕುವಿನಿಂದ ಕತ್ತರಿಸಿ ತೆಗೆಯಬೇಕು, ಪೆನ್ನಿನಿಂದ ಗೀಚಿದರೆ ನಡೆಯಲ್ಲ. ಉಳಿದ ವಿವರಕ್ಕೆ ಮಾತ್ರ ಶಾಯಿಯ ಪೆನ್ನು ಬೇಕು, ಅದನ್ನು ಕಾರಿನಲ್ಲಿ ಬಿಟ್ಟು ಬರಬೇಡಿ.